ಇಂಚು, ಸೆಂಟು, ಎಕ್ಸ್‌ಪೋರ್ಟ್: ಸಕಲೇಶಪುರದ ತೋಟದಲ್ಲಿ ಆನ್‌ಲೈನ್ ಸಾಧನಗಳ ದೀರ್ಘಕಾಲದ ಬಳಕೆ

ಹೊಸ ಆಪ್ ಇರಲಿ, ಜಾಲತಾಣ ಇರಲಿ, ಖಾತೆ ತೆರೆದ ಕೂಡಲೇ ನಾನು ಹುಡುಕುವುದು ಒಂದನ್ನೇ: ಇಲ್ಲಿ ತುಂಬಿದ್ದನ್ನು ವಾಪಸ್ ತೆಗೆದುಕೊಂಡು ಹೋಗುವ ದಾರಿ ಎಲ್ಲಿದೆ? ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಕಾಣಿಸದಿದ್ದರೆ ಅಂದೇ ಖಾತೆ ಮುಚ್ಚುತ್ತೇನೆ. ಅತಿ ಅನುಮಾನ ಎನ್ನುವವರು ಹಿಂದಿನದನ್ನು ಸ್ವಲ್ಪ ನೆನಪಿಸಿಕೊಳ್ಳಲಿ. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಕೋಷ್ಟಕದಲ್ಲಿದ್ದ ಮಾಹಿತಿಯನ್ನು ನಕ್ಷೆಯ ಮೇಲೆ ಕೂರಿಸಿಕೊಡುತ್ತಿದ್ದ ಫ್ಯೂಷನ್ ಟೇಬಲ್ಸ್ ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಂತಿತು. ಕನ್ನಡದಲ್ಲೇ ಬರೆಯಬಹುದೆಂದು ನಮ್ಮವರು ಉತ್ಸಾಹದಿಂದ ಸೇರಿದ್ದ ಬೆಂಗಳೂರಿನ ‘ಕೂ’ 2020ರಲ್ಲಿ ಹುಟ್ಟಿ 2024ರ ಜುಲೈನಲ್ಲಿ ಮುಗಿದೇ ಹೋಯಿತು. ಅರೇಬಿಕಾ ಸಸಿ ನೆಟ್ಟರೆ ಫಸಲು ಕಾಣುವುದಕ್ಕೆ ಮೂರು ನಾಲ್ಕು ವರ್ಷ ಕಾಯಬೇಕು. ಅಷ್ಟರೊಳಗೆ ಒಂದು ಸಾಮಾಜಿಕ ಜಾಲತಾಣದ ಜೀವಮಾನವೇ ಕಳೆದಿರುತ್ತದೆ.

ನಾನು ಸಕಲೇಶಪುರ ತಾಲ್ಲೂಕಿನ ಸಣ್ಣ ಬೆಳೆಗಾರ. ಸಂಘವೂ ಅಲ್ಲದ, ಕಂಪನಿಯೂ ಅಲ್ಲದ ನೆರೆಹೊರೆಯ ಕೆಲವು ತೋಟದವರ ಗುಂಪು ನಮ್ಮದು. ಮಳೆಯ ಲೆಕ್ಕ, ಕಾಫಿ ಮತ್ತು ಮೆಣಸಿನ ದರ, ಆನೆಗಳ ಓಡಾಟ, ಈ ಮೂರನ್ನು ಆನ್‌ಲೈನ್‌ನಲ್ಲಿ ಹಂಚಿಕೊಳ್ಳುತ್ತೇವೆ. ಕಂಪ್ಯೂಟರ್ ಗೊತ್ತಿರುವವನು ಎಂಬ ಒಂದೇ ಅಪರಾಧಕ್ಕೆ ಹೊಸ ಸಾಧನಗಳನ್ನು ಪರೀಕ್ಷಿಸುವ ಹೊಣೆ ನನ್ನ ಹೆಗಲಿಗೆ ಬಿದ್ದಿದೆ.

ಎಲ್ಲಕ್ಕಿಂತ ಹೆಚ್ಚು ಕಾಲ ಬಾಳಿದ್ದು ಗೂಗಲ್ ಶೀಟ್ಸ್ ಎಂಬ ಆನ್‌ಲೈನ್ ಲೆಕ್ಕದ ಹಾಳೆ. ಅದರ ಜೊತೆ, ಫೋನಿನಲ್ಲಿ ತುಂಬಿದ್ದನ್ನು ಆ ಹಾಳೆಗೆ ಸೇರಿಸುವ ಗೂಗಲ್ ಫಾರ್ಮ್ಸ್. ಹೊಸದೇನೂ ಅಲ್ಲ, ಮೆರೆಯುವಂಥದ್ದೂ ಅಲ್ಲ, ಆದರೆ ನಮ್ಮ ಕೆಲಸ ನಿಂತಿರುವುದು ಇದರ ಮೇಲೆ. ಮಲೆನಾಡಿನ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟಿನಲ್ಲಿಯೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನಲ್ಲಿ. 25.4ರಿಂದ ಗುಣಿಸಿದರೆ ಆಯಿತು ಎಂದುಕೊಳ್ಳಬೇಡಿ, ತೊಡಕು ಅದಕ್ಕೂ ಮೊದಲೇ ಇದೆ. ಬೆಳಿಗ್ಗೆ ಮಳೆಮಾಪಕ ನೋಡಿದ ರೈಟರ್ (ತೋಟದ ಗುಮಾಸ್ತ) ‘ಒಂದು ಇಂಚು ಐದು ಸೆಂಟು’ ಎನ್ನುತ್ತಾರೆ. ಫೋನಿನಲ್ಲಿ ಅದನ್ನು 1.5 ಎಂದು ಒತ್ತುತ್ತಾರೆ. ಹಾಳೆಯ ಕಣ್ಣಿಗೆ ಅದು ಒಂದೂವರೆ ಇಂಚು. ನಿಜವಾಗಿ ಬರೆಯಬೇಕಾದದ್ದು 1.05. ವ್ಯತ್ಯಾಸ ನಲವತ್ತೈದು ಸೆಂಟು. ಕಾಫಿಯ ಹೂ ಅರಳಿಸುವ ಹೂಮಳೆಯ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೂವು ಪೂರ್ತಿ ಬಿಡುವಷ್ಟು ಮಳೆ ಬಿತ್ತೇ, ಸ್ಪ್ರಿಂಕ್ಲರ್ ಎಳೆಯಬೇಕೇ ಎಂಬುದೆಲ್ಲ ಈ ಅಂಕಿಯ ಮೇಲೆ ನಿರ್ಧಾರವಾಗುತ್ತದೆ. ಫಾರ್ಮ್‌ನಲ್ಲಿ ಇಂಚಿಗೆ ಒಂದು ಚೌಕ, ಸೆಂಟಿಗೆ ಇನ್ನೊಂದು ಚೌಕ ಮಾಡಿ, ಸೆಂಟನ್ನು ನೂರರಿಂದ ಭಾಗಿಸಿ ಕೂಡುವ ಕೆಲಸವನ್ನು ಹಾಳೆಗೆ ಬಿಟ್ಟ ಮೇಲೆ ಈ ಗೊಂದಲ ನಿಂತಿತು. ಸೆಂಟಿನ ಚೌಕಕ್ಕೆ 99ರ ಮೇಲೆ ಯಾವ ಸಂಖ್ಯೆಯೂ ಹೋಗದಂತೆ ಕಟ್ಟು ಹಾಕಬಹುದು, ಹಾಕಿ.

ದಿನಾಂಕದ ಕಥೆಯೂ ಇಂಥದ್ದೇ. ಹವಾಮಾನ ಇಲಾಖೆಯ ಕ್ರಮದಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದ ಮಳೆ ಆ ದಿನದ ಹೆಸರಿಗೆ ಸೇರುತ್ತದೆ. ನಮ್ಮ ಕೆಲವು ತೋಟಗಳಲ್ಲಿ ಅದನ್ನು ಹಿಂದಿನ ದಿನಕ್ಕೆ ಬರೆಯುವ ರೂಢಿ. ಎರಡೂ ಸರಿಯೇ, ಒಂದೇ ಹಾಳೆಯಲ್ಲಿ ಎರಡೂ ಇದ್ದರೆ ಮಾತ್ರ ಲೆಕ್ಕ ಕೆಡುತ್ತದೆ. ಜೊತೆಗೆ ಹಾಳೆಯ ಲೊಕೇಲ್ (ಯಾವ ದೇಶದ ಪದ್ಧತಿ ಎಂಬ ಆಯ್ಕೆ) ಅಮೆರಿಕ ಎಂದಿದ್ದರೆ 03/04 ಎಂಬುದು ಏಪ್ರಿಲ್ ಮೂರರ ಬದಲು ಮಾರ್ಚ್ ನಾಲ್ಕಾಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಭಾರತ ಎಂದು ಬದಲಿಸುವುದು ಮೊದಲ ದಿನದ ಕೆಲಸ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪಾದ ಪಟ್ಟಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಸಿಗುವುದು ಗೀಚಿದಂತಿರುವ ರೋಮನ್ ಅಕ್ಷರಗಳು. ಹಾಗೆಯೇ ಕನ್ನಡವಿರುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕದ) ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಗಾಬರಿಯಾಗಬೇಡಿ. ಆಮದು ಮಾಡುವಾಗ ಅಕ್ಷರ ಸಂಕೇತ ಯುಟಿಎಫ್-8 ಎಂದು ಆರಿಸಿದರೆ ಅಕ್ಷರಗಳು ಸರಿಯಾಗಿ ಕೂರುತ್ತವೆ.

ನನಗೆ ತೀರಾ ಇಷ್ಟವಾದ ಬಳಕೆ ಇನ್ನೊಂದಿದೆ. ಮಳೆನಕ್ಷತ್ರಗಳು ಹಿಡಿಯುವ ದಿನಾಂಕಗಳನ್ನು ಪಕ್ಕದ ಹಾಳೆಯಲ್ಲಿ ಬರೆದಿಟ್ಟು, ವಿಲುಕಪ್ ಸೂತ್ರದಿಂದ ಪ್ರತಿ ದಿನದ ಮಳೆಯ ಎದುರಿಗೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ತಾನಾಗಿ ಬರುವಂತೆ ಮಾಡಿದ್ದೇನೆ. ಹಿರಿಯರು ಮಾತನಾಡುವುದು ಆ ಲೆಕ್ಕದಲ್ಲಿ. ಜುಲೈ ತಿಂಗಳ ಸರಾಸರಿ ಎಂದರೆ ಮುಖ ತಿರುಗಿಸುವವರು, ‘ಈ ಸಲ ಪುಷ್ಯ ಎಷ್ಟು ಇಂಚು?’ ಎಂದು ತಾವೇ ಫೋನ್ ಮಾಡುತ್ತಾರೆ. ಅವರಲ್ಲಿ ಕೆಲವರು ಟೈಪ್ ಮಾಡುವುದಿಲ್ಲ, ಹೇಳಿ ಬರೆಸುತ್ತಾರೆ. ಆದರೆ ಧ್ವನಿ ಟೈಪಿಂಗ್‌ಗೆ ತೋಟದ ಭಾಷೆ ಇನ್ನೂ ಪಳಗಿಲ್ಲ. ‘ಒಂದು ಇಂಚು ಹತ್ತು ಸಂತೆ’ ಮಳೆ ಬಿದ್ದ ವರದಿ ನಮ್ಮ ಹಾಳೆಯಲ್ಲಿದೆ. ಅಳಿಸಿಲ್ಲ, ಇರಲಿ ಎಂದು ಬಿಟ್ಟಿದ್ದೇನೆ.

ಇನ್ನು ಮನೆಯಲ್ಲೇ ಕುಳಿತು ಜಗತ್ತಿನ ಮಳೆ ನೋಡುವ ಸೇವೆಗಳು. ನಾಸಾದ ‘ಪವರ್’ ತಾಣದಲ್ಲಿ ಅಕ್ಷಾಂಶ, ರೇಖಾಂಶ ಕೊಟ್ಟರೆ 1981ರಿಂದ ಈಚಿನ ದಿನವಾರು ಹವಾಮಾನ ಅಂಕಿಗಳು ಪುಕ್ಕಟೆಯಾಗಿ ಸಿಗುತ್ತವೆ. ಓಪನ್-ಮೀಟಿಯೊ ಇನ್ನೂ ಹಿಂದಕ್ಕೆ, 1940ರವರೆಗೆ ಕರೆದೊಯ್ಯುತ್ತದೆ. ಇಳಿಸಿಕೊಳ್ಳುವುದು ಸುಲಭ, ನೋಡಲು ಚೆಂದ. ಆದರೆ ನಮ್ಮ ಕಡೆಯ ಮಳೆಗೆ ಇವನ್ನು ನಂಬಿದರೆ ಕೆಟ್ಟಿರಿ. ಪವರ್‌ನ ಒಂದು ಚೌಕ ಸುಮಾರು 50 ಕಿಲೋಮೀಟರ್ ಅಗಲದ್ದು. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್. ಪಶ್ಚಿಮ ಘಟ್ಟದ ಅಂಚಿನಿಂದ ಪೂರ್ವಕ್ಕೆ ಹೋದಂತೆ ಮಳೆ ಮೆಟ್ಟಿಲಿಳಿಯುತ್ತಾ ಹೋಗುವ ಜಿಲ್ಲೆ ಇದು: ಬಿಸಿಲೆ ಘಟ್ಟದಲ್ಲಿ ತೊಟ್ಟಿಕ್ಕುತ್ತಲೇ ಇರುವ ಕಾಡು, ಅರಸೀಕೆರೆಯಲ್ಲಿ ತೆಂಗು ಒಣಗುವ ಬಯಲು. ಇಷ್ಟು ದೊಡ್ಡ ಚೌಕ ಘಟ್ಟವನ್ನೂ ಬಯಲನ್ನೂ ಬೆರೆಸಿ ಸರಾಸರಿ ಮಾಡಿ, ಎರಡೂ ಕಡೆಯವರಿಗೆ ಸಲ್ಲದ ಅಂಕಿ ಕೊಡುತ್ತದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೊಟ್ಟಿಗೆಹಾರಕ್ಕೂ ಕಡೂರಿಗೂ ಇದೇ ಗತಿ. ಉಷ್ಣಾಂಶಕ್ಕೆ, ಬಿಸಿಲಿನ ಪ್ರಮಾಣಕ್ಕೆ, ಕಣದಲ್ಲಿ ಕಾಫಿ ಒಣಗಿಸುವ ತಿಂಗಳುಗಳು ಹಲವು ವರ್ಷಗಳಲ್ಲಿ ಹೇಗಿದ್ದವು ಎಂದು ನೋಡುವುದಕ್ಕೆ ಪವರ್ ಉಪಯುಕ್ತ. ಮಳೆಗೆ ಬೇಡ. ಅದಕ್ಕಿಂತ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನೆಟ್ಟಿರುವ ಸ್ವಯಂಚಾಲಿತ ಮಳೆಮಾಪಕಗಳ ಅಂಕಿ ಎಷ್ಟೋ ಹತ್ತಿರ. ನಮ್ಮ ತೋಟದ ಲೆಕ್ಕದ ಪಕ್ಕದಲ್ಲಿಟ್ಟು ನೋಡಲು ನಾನು ಬಳಸುವುದು ಅದನ್ನೇ.

ಪ್ರಶ್ನಾವಳಿ ಮಾಡಿ ಮಾಹಿತಿ ಸಂಗ್ರಹಿಸುವ ಕೋಬೊ ಟೂಲ್‌ಬಾಕ್ಸ್ ಬಗ್ಗೆ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ, ಗೊತ್ತಾಗಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ ಕೂಡ ಮಲಗುತ್ತದೆ. ಗೂಗಲ್ ಫಾರ್ಮ್‌ಗೆ ನೆಟ್ ಬೇಕೇ ಬೇಕು. ಕೋಬೊ ಆಪ್‌ನಲ್ಲಿ ಪ್ರಶ್ನಾವಳಿಯನ್ನು ಒಮ್ಮೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಣಿವೆಯಲ್ಲೂ ತುಂಬಬಹುದು. ರಸ್ತೆಗೆ ಬಂದು ಸಿಗ್ನಲ್ ಸಿಕ್ಕಾಗ ಕಳುಹಿಸಿದರೆ ಸಾಕು. ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆಯಬಹುದು. ನಿರ್ವಹಿಸುವವರ ಪುಟ ಮಾತ್ರ ಕನ್ನಡದಲ್ಲಿಲ್ಲ, ಮೊದಲ ಬಾರಿಗೆ ಪ್ರಶ್ನಾವಳಿ ಕಟ್ಟುವವರಿಗೆ ತಾಳ್ಮೆ ಬೇಕು.

ಇದು ನಿಜವಾಗಿ ಕೈಹಿಡಿದದ್ದು ಯುರೋಪಿನ ಅರಣ್ಯನಾಶ ತಡೆ ನಿಯಮದ ವಿಷಯದಲ್ಲಿ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಈ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಗೆ ಅಲ್ಲಿನ ಮಾರುಕಟ್ಟೆಯಲ್ಲಿ ಪ್ರವೇಶವಿಲ್ಲ. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ, ಆದರೂ ತೋಟದ ನಕ್ಷೆ ಸಿದ್ಧವಿದ್ದರೆ ಒಳ್ಳೆಯದು. 4 ಹೆಕ್ಟೇರ್‌ಗಿಂತ, ಅಂದರೆ ಹತ್ತು ಎಕರೆಗೆ ತುಸು ಕಡಿಮೆ ಇರುವ ಅಳತೆಗಿಂತ ದೊಡ್ಡ ತೋಟಕ್ಕೆ ಸುತ್ತಲಿನ ಗಡಿಯನ್ನೇ ಕೊಡಬೇಕು. ಚಿಕ್ಕದಕ್ಕೆ ಒಂದು ಬಿಂದು ಸಾಕು. ಕೋಬೊದಲ್ಲಿ ಬೇಲಿಯ ಉದ್ದಕ್ಕೂ ನಡೆಯುತ್ತಾ ಬಿಂದುಗಳನ್ನು ಗುರುತಿಸಿದರೆ ಗಡಿ ಮೂಡುತ್ತದೆ. ಎಷ್ಟು ಮೀಟರ್ ನಿಖರ ಎಂಬುದನ್ನು ಪರದೆ ತೋರಿಸುತ್ತದೆ. ಸಿಲ್ವರ್ ಮರಗಳ ದಟ್ಟ ನೆರಳಿನಲ್ಲಿ ಆ ಅಂಕಿ ಏರುತ್ತದೆ. ಅವಸರ ಮಾಡದೆ, ಇಳಿಯುವವರೆಗೆ ನಿಂತು ಒತ್ತಬೇಕು. ಉಪಗ್ರಹ ಚಿತ್ರದಲ್ಲೇ ಗಡಿ ಎಳೆಯೋಣವೆಂದು ಯುರೋಪಿನ ಕೋಪರ್ನಿಕಸ್ ಬ್ರೌಸರ್ ತಾಣ ತೆರೆದರೆ, ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಐದು ದಿನಕ್ಕೊಮ್ಮೆ ಸಿಗುತ್ತದೆ ನಿಜ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಮೋಡ. ಜನವರಿಯಲ್ಲಿ ನೋಡಿದರೂ ಮೇಲಿನಿಂದ ನಮ್ಮ ತೋಟ ಕಾಡಿನಂತೆಯೇ ಕಾಣುತ್ತದೆ. ನೆರಳಿನಲ್ಲಿ ಕಾಫಿ ಬೆಳೆದವರ ಕಷ್ಟ ಇದು: ಮರ ಉಳಿಸಿಕೊಂಡವನೇ ತನ್ನದು ಕಾಡಲ್ಲ, ತೋಟ ಎಂದು ಸಾಬೀತು ಮಾಡಬೇಕು.

ನಕ್ಷೆ, ಗ್ರಾಫ್ ಮಾಡುವ ತಾಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೇಟಾರ್‍ಯಾಪರ್ ಸಾಕು. ಪುಕ್ಕಟೆ ಖಾತೆಯಲ್ಲೇ ಗ್ರಾಫ್ ಪ್ರಕಟಿಸಬಹುದು, ಕನ್ನಡ ಅಕ್ಷರ ಒಡೆಯುವುದಿಲ್ಲ. ಇದಕ್ಕೂ ಮೊದಲು ಬಳಸಿದ, ಹೆಸರು ಹೇಳಬಯಸದ ಒಂದು ತಾಣ ಎಲ್ಲವನ್ನೂ ತುಂಬಿಸಿಕೊಂಡು, ಇಳಿಸಿಕೊಳ್ಳುವ ಗುಂಡಿ ಒತ್ತಿದಾಗ ಡಾಲರ್ ಕೇಳಿತು. ಮೂಲ ಅಂಕಿ ಶೀಟ್ಸ್‌ನಲ್ಲಿದ್ದುದರಿಂದ ನಕ್ಕು ಹೊರಬಂದೆ.

ಈಗ ಜನ ಸೇರುವ ಜಾಗಗಳಿಗೆ ಬರೋಣ. ಇಲ್ಲಿ ಗೆದ್ದದ್ದು ವಾಟ್ಸ್‌ಆ್ಯಪ್, ಬೇರೆ ಮಾತಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಬೆಳಗಾದರೆ ಮೊದಲು ನೋಡುವುದು ಆನೆ ಗುಂಪು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಯಾವ ಹಿಂಡು ಎಲ್ಲಿದೆ, ಒಂಟಿ ಸಲಗ ಯಾವ ರಸ್ತೆ ದಾಟಿತು ಎಂದು ತಿಳಿಸುತ್ತಾರೆ. ಅದನ್ನು ನೋಡಿಯೇ ಆಳುಗಳನ್ನು ಯಾವ ಬ್ಲಾಕಿಗೆ ಕಳುಹಿಸಬೇಕೆಂದು ತೀರ್ಮಾನಿಸುತ್ತೇವೆ. ಜೀವದ ಪ್ರಶ್ನೆಯಾದ್ದರಿಂದ ಈ ಗುಂಪಿನಲ್ಲಿ ಶುಭೋದಯದ ಚಿತ್ರಗಳಿಗೆ ಜಾಗವಿಲ್ಲ. ನಮ್ಮ ಚಿಕ್ಕ ಗುಂಪಿಗೂ ಎರಡು ನಿಯಮ ಮಾಡಿಕೊಂಡಿದ್ದೇವೆ. ‘ಈಗ’ ಎಂದು ಬರೆಯುವಂತಿಲ್ಲ, ಗಂಟೆ ಬರೆಯಬೇಕು. ನೆಟ್ ಸತ್ತ ಊರಿನಲ್ಲಿ ಬೆಳಗಿನ ‘ಈಗ’ ಮಧ್ಯಾಹ್ನ ತಲುಪುತ್ತದೆ. ಎರಡನೆಯದು, ಆನೆ ಇರುವ ಜಾಗದ ಲೊಕೇಶನ್ ಪಿನ್ ಹಾಕುವಂತಿಲ್ಲ, ಎಸ್ಟೇಟ್ ಹೆಸರು ಬರೆದರೆ ಸಾಕು. ಪಿನ್ ಹೋದರೆ ಹಿಂದೆಯೇ ಬೈಕಿನಲ್ಲಿ ವಿಡಿಯೊ ಮಾಡುವವರು ಹಾಜರು. ಹಳೆಯ ಆನೆ ವಿಡಿಯೊಗಳು ಸುತ್ತುವುದು ಪೂರ್ತಿ ನಿಂತಿಲ್ಲ. ಹಲವು ಸಲ ಮುಂದಕ್ಕೆ ಕಳುಹಿಸಿದ್ದು ಎಂದು ಹೇಳುವ ಜೋಡಿ ಬಾಣದ ಗುರುತು ಕಂಡರೆ ನಂಬಬೇಡಿ ಎಂದು ಹೇಳಿಟ್ಟಿದ್ದೇವೆ. 2020ರಿಂದ ಅಂಥ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳುಹಿಸಬಹುದು, ಅಷ್ಟರ ಮಟ್ಟಿಗೆ ಉಪಕಾರ.

ದರದ ಗುಂಪಿನಲ್ಲಿ ನ್ಯೂಯಾರ್ಕ್ ಅರೇಬಿಕಾ, ಲಂಡನ್ ರೊಬಸ್ಟಾ, ಸ್ಥಳೀಯ ವರ್ತಕರ 50 ಕೆ.ಜಿ. ಚೀಲದ ದರ ದಿನವೂ ಬರುತ್ತವೆ. ಆದರೆ ಹೋದ ವರ್ಷ ಇದೇ ವಾರ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಎಷ್ಟಿತ್ತು ಎಂದು ಹುಡುಕಿದರೆ ಶುಭಾಶಯಗಳ ರಾಶಿಯಲ್ಲಿ ಕೈಯಾಡಿಸಬೇಕು. ಸಂಭಾಷಣೆಯನ್ನು ಪಠ್ಯ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಶೀಟ್ಸ್‌ಗೆ ಹಾಕುವುದೇ ದಾರಿ. ಡಾಲರ್ ದರವನ್ನು ಹಾಳೆಯೇ ಗೂಗಲ್ ಫೈನಾನ್ಸ್ ಸೂತ್ರದಿಂದ ತಂದುಕೊಳ್ಳುತ್ತದೆ. ನ್ಯೂಯಾರ್ಕಿನ ಪೌಂಡ್ ಲೆಕ್ಕವನ್ನು ಕಿಲೋಗೆ ತಿರುಗಿಸುವುದಷ್ಟೇ ಉಳಿದ ಕೆಲಸ. ಟೆಲಿಗ್ರಾಂ ಈ ವಿಷಯದಲ್ಲಿ ಮೇಲು: ಹೊಸದಾಗಿ ಸೇರಿದವರಿಗೂ ಹಳೆಯ ಸಂದೇಶಗಳನ್ನು ತೋರಿಸಬಹುದು, ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಬಹುದು. ಗುಂಪು ತೆರೆದೆ, ಜನ ಬರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಇದೆಯಲ್ಲ, ಇನ್ನೊಂದು ಯಾಕೆ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. 2025ರ ಕೊನೆಯಲ್ಲಿ ಜೋಹೊ ಕಂಪನಿಯ ಸಂದೇಶ ಆಪ್ ‘ಅರಟ್ಟೈ’ ಸದ್ದು ಮಾಡಿದಾಗ ಹುಡುಗರು ಒಂದಿಷ್ಟು ಜನ ಹಾಕಿಕೊಂಡರು, ಈಗ ಆ ಕಡೆಯಿಂದ ಸುದ್ದಿಯಿಲ್ಲ.

ಹಲವು ಸರ್ವರ್‌ಗಳಲ್ಲಿ ಹರಡಿರುವ ಸಾಮಾಜಿಕ ಜಾಲತಾಣ ಮಾಸ್ಟೊಡಾನ್ ನನ್ನ ಸ್ವಂತ ಹುಚ್ಚು. 500 ಅಕ್ಷರಗಳ ಮಿತಿ, ಜಾಹೀರಾತಿಲ್ಲ, ಬರೆದವರ ಮಾತು ಬರೆದ ಕ್ರಮದಲ್ಲೇ ಕಾಣುತ್ತದೆ. ಒಂದು ಸರ್ವರ್ ಬೇಸರವಾದರೆ ಹಿಂಬಾಲಕರ ಸಮೇತ ಇನ್ನೊಂದಕ್ಕೆ ಹೋಗಬಹುದು. ಹಳೆಯ ಬರಹಗಳು ಮಾತ್ರ ಜೊತೆಗೆ ಬರುವುದಿಲ್ಲ, ಅವನ್ನು ಇಳಿಸಿಕೊಂಡು ಕಡತವಾಗಿ ಇಟ್ಟುಕೊಳ್ಳಬೇಕು. ಕನ್ನಡಿಗರು ಕಡಿಮೆ. ಪಕ್ಕದ ತೋಟದವರನ್ನು ಹುಡುಕುವುದಕ್ಕೆ ಇದು ಜಾಗವಲ್ಲ. ಮಳೆ ಅಂಕಿಯ ಹುಚ್ಚು ಹಿಡಿದವರು ಬೇರೆ ದೇಶಗಳಲ್ಲೂ ಇದ್ದಾರೆಂದು ತಿಳಿಯುವುದಕ್ಕೆ ಅಡ್ಡಿಯಿಲ್ಲ.

ಖರ್ಚಿನ ಮಾತು: ಇದುವರೆಗೆ ಯಾವುದಕ್ಕೂ ದುಡ್ಡು ಕೊಟ್ಟಿಲ್ಲ. ಗೂಗಲ್‌ನ 15 ಜಿಬಿ ಜಾಗದಲ್ಲಿ ಮಳೆ ಲೆಕ್ಕ ಹಿಡಿಸಿ ಮಿಗುತ್ತದೆ, ಫೋಟೊಗಳನ್ನು ಬೇರೆ ಖಾತೆಯಲ್ಲಿ ಇಟ್ಟರೆ ಮಾತ್ರ. ಬಗೆಹರಿಯದೆ ಉಳಿದಿರುವುದು ಒಡೆತನದ ಪ್ರಶ್ನೆ. ಹಾಳೆ ನನ್ನ ಖಾತೆಯಲ್ಲಿದೆ, ಮತ್ತು ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ಹಕ್ಕನ್ನು ಗೂಗಲ್ ಇಟ್ಟುಕೊಂಡಿದೆ. ನನಗೇನಾದರೂ ಆದರೆ ಹಾಳೆ ಯಾರ ಕೈಗೆ ಹೋಗಬೇಕೆಂದು ಬರೆದಿಡುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲೇ ಇದೆ. ಹೂಮಳೆ ಶುರುವಾಗುವ ಮೊದಲು ಗುಂಪಿನವರು ಒಂದು ಹೆಸರು ಹೇಳಬೇಕೆಂದು ಕೇಳಿದ್ದೇನೆ. ಎಲ್ಲರೂ ಮೂಡಿಗೆರೆಯಲ್ಲಿ ಓದುತ್ತಿರುವ ಒಬ್ಬರ ಮಗಳ ಹೆಸರು ಹೇಳುತ್ತಿದ್ದಾರೆ. ಆ ಹುಡುಗಿ, ಮೊದಲು ಎಲ್ಲ ರೈಟರ್‌ಗಳೂ ಒಂದೇ ದಿನಾಂಕಕ್ಕೆ ಮಳೆ ಬರೆಯಲಿ, ಆಮೇಲೆ ಒಪ್ಪುತ್ತೇನೆ ಎಂದಿದ್ದಾಳೆ.