ಪಿಸಿಬಿಗೆ ಯಾವ ಫಿಲ್ಮ್? ನನ್ನ ಓಟು ಇಂಕ್‌ಜೆಟ್‌ಗೆ

ಮನೆಯಲ್ಲೇ ಪಿಸಿಬಿ (ಬಿಡಿಭಾಗ ಬೆಸೆಯುವ, ತಾಮ್ರದ ಗೆರೆಗಳ ಸರ್ಕ್ಯೂಟ್ ಬೋರ್ಡ್) ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಯುವಿ ಬೆಳಕಿನ ವಿಧಾನಕ್ಕೆ, ಅಂದರೆ ಸರ್ಕ್ಯೂಟ್ ಚಿತ್ರವನ್ನು ಪಾರದರ್ಶಕ ಫಿಲ್ಮಿನ ಮೇಲೆ ಅಚ್ಚು ಹಾಕಿ, ಬೆಳಕಿಗೆ ಬದಲಾಗುವ ಲೇಪವಿರುವ ಬೋರ್ಡಿನ ಮೇಲಿಟ್ಟು ಯುವಿ ಬಿಡುವುದಕ್ಕೆ, ಇಂಕ್‌ಜೆಟ್ ಪ್ರಿಂಟರಿನ ಫಿಲ್ಮೇ ಸರಿ. ಲೇಸರ್ ಫಿಲ್ಮ್ ತಂದ ಪ್ಯಾಕೆಟ್ಟು ಮುಕ್ಕಾಲು ಪಾಲು ಹಾಗೇ ಬಿದ್ದಿದೆ. ಟ್ರೇಸಿಂಗ್ ಪೇಪರನ್ನೂ ನೋಡಿದ್ದಾಯಿತು.

ಲೇಸರ್ ಮೇಲೆ ಇಷ್ಟು ಸಿಟ್ಟು ಯಾಕೆ ಅಂದರೆ, ಅದರ ಕಪ್ಪು ಪೂರ್ತಿ ಕಪ್ಪಲ್ಲ. ಪ್ರಿಂಟ್ ಕೈಗೆ ಬಂದಾಗ ಚೆನ್ನಾಗೇ ಕಾಣುತ್ತದೆ. ಬೆಳಕಿಗೆ ಹಿಡಿದರೆ ಕಪ್ಪು ತುಂಬಿದ ಕಡೆಯೆಲ್ಲ ಸಣ್ಣ ಸಣ್ಣ ತೂತು. ಯುವಿಗೆ ಅಷ್ಟು ಸಾಕು. ಪಾಸಿಟಿವ್ ಬೋರ್ಡ್ (ಬೆಳಕು ಬಿದ್ದ ಕಡೆ ಲೇಪ ಹೋಗುವಂಥದ್ದು) ಆದರೆ ಎಚ್ಚಿಂಗ್, ಅಂದರೆ ಬೇಡದ ತಾಮ್ರ ಕರಗಿಸುವ ಕೆಲಸ, ಮುಗಿದ ಮೇಲೆ ತಾಮ್ರದಲ್ಲೂ ಅದೇ ತೂತುಗಳು. ನೆಗೆಟಿವ್ ಡ್ರೈ ಫಿಲ್ಮ್ (ಬೋರ್ಡಿಗೆ ಅಂಟಿಸುವ, ಬೆಳಕು ಬಿದ್ದ ಕಡೆ ಗಟ್ಟಿಯಾಗಿ ಉಳಿಯುವ ಲೇಪ) ಆದರೆ ಉಲ್ಟಾ, ಹೋಗಬೇಕಾದ ತಾಮ್ರ ಚುಕ್ಕೆ ಚುಕ್ಕೆಯಾಗಿ ಉಳಿದುಬಿಡುತ್ತದೆ.

ಎರಡು ಪ್ರಿಂಟ್ ತೆಗೆದು ಒಂದರ ಮೇಲೊಂದು ಜೋಡಿಸಿ ಅನ್ನುತ್ತಾರೆ. ತೂತು ಮುಚ್ಚುತ್ತದೆ, ನಿಜ. ಆದರೆ ಫ್ಯೂಸರ್ (ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿಯನ್ನು ಕಾಯಿಸಿ ಹಾಳೆಗೆ ಅಂಟಿಸುವ ಭಾಗ) ಬಿಸಿಗೆ ಫಿಲ್ಮ್ ಚೂರು ಹಿಗ್ಗಿಯೋ ಕುಗ್ಗಿಯೋ ಇರುತ್ತದೆ, ಎರಡೂ ಹಾಳೆ ಒಂದೇ ಅಳತೆಗೆ ಬರುವುದಿಲ್ಲ. 40 ಪಿನ್ ಐಸಿ ತಗೊಳ್ಳಿ. ಸಾಲಿಗೆ 20 ಪಿನ್, ನಡುವೆ 2.54 ಮಿ.ಮೀ., ತುದಿಯಿಂದ ತುದಿಗೆ 48 ಮಿ.ಮೀ. ಚಿಲ್ಲರೆ. ನೂರಕ್ಕೆ ಒಂದರಷ್ಟು ವ್ಯತ್ಯಾಸ ಬಂದರೂ ಕೊನೇ ಪ್ಯಾಡ್ (ಪಿನ್ ಬೆಸೆಯುವ ತಾಮ್ರದ ಬಿಲ್ಲೆ) ಅರ್ಧ ಮಿ.ಮೀ. ಜಾರಿತು. ಅದನ್ನು ಕೂರಿಸಿದರೆ ಮೊದಲನೆಯದು ಎದ್ದಿತು. ಟೇಪ್ ಹಚ್ಚಿ, ಕಿತ್ತು, ಮತ್ತೆ ಹಚ್ಚಿ... ಸಾಕಪ್ಪಾ ಸಾಕು. ಅಸಿಟೋನ್ ಆವಿ ತೋರಿಸಿದರೆ ಟೋನರ್ ಕರಗಿ ಕಪ್ಪು ಗಟ್ಟಿಯಾಗುತ್ತದೆ. ಮನೆಯೊಳಗೆ ಆ ವಾಸನೆ, ಬೆಂಕಿಯ ಭಯ ಯಾರಿಗೆ ಬೇಕು?

ಇಂಕ್‌ಜೆಟ್‌ನಲ್ಲಿ ಹಾಳೆ ಫ್ಯೂಸರ್ ದಾಟುವುದೇ ಇಲ್ಲ, ಅಳತೆ ಕೆಡುವುದಿಲ್ಲ. ಒಂದೇ ಹಾಳೆ ಸಾಕು. ಶಾಯಿ ಹೀರುವ ಲೇಪ ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ. ಮೂಲೆಗೆ ಒದ್ದೆ ಬೆರಳು ಮುಟ್ಟಿಸಿ, ಬೆರಳಿಗೆ ಅಂಟಿದ ಬದಿಯೇ ಪ್ರಿಂಟಿಗೆ. ಸೆಟ್ಟಿಂಗ್‌ನಲ್ಲಿ ಸಾದಾ ಕಾಗದ ಬೇಡ, ಟ್ರಾನ್ಸ್‌ಪರೆನ್ಸಿ ಅಥವಾ ಫೋಟೋ ಪೇಪರ್ ಆರಿಸಿ. ಶಾಯಿ ಬದಿ ಬೋರ್ಡಿಗೆ ತಾಗಬೇಕು, ಅದಕ್ಕೆ ಬೇಕಿದ್ದರೆ ಚಿತ್ರ ಮಿರರ್ ಮಾಡಿ (ಎಡಬಲ ತಿರುಗಿಸಿ). ಇಲ್ಲದಿದ್ದರೆ ಫಿಲ್ಮಿನ ದಪ್ಪದಷ್ಟು ಸಂದಿಯಲ್ಲಿ ಬೆಳಕು ನುಗ್ಗಿ ಅಂಚು ಮಸುಕಾಗುತ್ತದೆ. ಕೆಲವು ಪ್ರಿಂಟರ್‌ಗೆ ಪಾರದರ್ಶಕ ಹಾಳೆ ಕಾಣುವುದೇ ಇಲ್ಲ, ಪೇಪರ್ ಇಲ್ಲ ಅಂತ ಹಠ ಹಿಡಿಯುತ್ತದೆ. ಮುಂದಿನ ಅಂಚಿಗೆ ಬಿಳಿ ಕಾಗದದ ಪಟ್ಟಿ ಅಂಟಿಸಿದರೆ ಸುಮ್ಮನಾಗುತ್ತದೆ.

ಟ್ರೇಸಿಂಗ್ ಪೇಪರ್ ಅಗ್ಗ, ಆದರೆ ಶಾಯಿಗೆ ಸುಕ್ಕಾಗುತ್ತದೆ. ದಪ್ಪ ಟ್ರ್ಯಾಕಿಗೆ (ತಾಮ್ರದ ಗೆರೆಗೆ) ನಡೆಯುತ್ತದೆ.

ಇಂಕ್‌ಜೆಟ್ ಫಿಲ್ಮ್ ದುಬಾರಿ ಅಲ್ವಾ ಅಂದರೆ, ಹೌದು. ನನ್ನ ಬೋರ್ಡುಗಳು ಬೆಂಕಿಪೊಟ್ಟಣದಷ್ಟು ಮಾತ್ರ, ಪೂರ್ತಿ ಹಾಳೆ ಸುಮ್ನೆ ದಂಡ. ಮೊದಲು ಸಾದಾ ಕಾಗದದ ಮೇಲೆ ಪ್ರಿಂಟ್ ತೆಗೆಯುತ್ತೇನೆ. ಅಚ್ಚು ಬಿದ್ದ ಜಾಗಕ್ಕೆ ಫಿಲ್ಮಿನ ತುಂಡು ಟೇಪ್ ಮಾಡಿ ಅದೇ ಕಾಗದವನ್ನು ಮತ್ತೆ ಒಳಗೆ ಬಿಡುತ್ತೇನೆ. ಹೀಗೆ ಒಂದು ಹಾಳೆ ಎಷ್ಟೋ ಬೋರ್ಡಿಗೆ ಬರುತ್ತದೆ.

ಲೇಸರ್ ಮಾತ್ರ ಇರುವವರು ಗ್ರೌಂಡ್ ಪ್ಲೇನ್ (ಖಾಲಿ ಜಾಗ ತುಂಬುವ ಅಗಲ ತಾಮ್ರ) ಕೈಬಿಟ್ಟು, ಟ್ರ್ಯಾಕ್ ದಪ್ಪ ಇಟ್ಟು ನಿಭಾಯಿಸಬಹುದು. ಈ ಟೇಪಿನ ಉಪಾಯವನ್ನಾಗಲಿ, ಇಂಕ್‌ಜೆಟ್ ಫಿಲ್ಮನ್ನಾಗಲಿ ಅದರಲ್ಲಿ ಮಾಡಲು ಹೋಗಬೇಡಿ. ಬಿಸಿಗೆ ಕರಗಿ ರೋಲರ್‌ಗೆ ಸುತ್ತಿಕೊಂಡರೆ ಪ್ರಿಂಟರ್ ಕಥೆ ಮುಗಿಯಿತು.