ಬೈಪ್ಯಾಪ್ ಅಂದರೆ ಜೋರು ಸಿಪ್ಯಾಪ್ ಅಲ್ಲ: ಕುಮಟಾದಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮಾಸ್ಕ್ ಮೂಲಕ ಗಾಳಿ ಊದುವ ಮಷಿನ್ ಸಿಪ್ಯಾಪ್. ಅದು ಸಾಲದವರಿಗೆ ಇನ್ನೂ ಜೋರಾಗಿ ಗಾಳಿ ಊದುವ ಮಷಿನ್ನೇ ಬೈಪ್ಯಾಪ್ ಅಂತ ನಮ್ಮ ಕಡೆ ತುಂಬ ಜನ ತಿಳಿದಿದ್ದಾರೆ. ವಿಷಯ ಹಾಗಿಲ್ಲ. ಈ ಮಷಿನ್ ಎಷ್ಟು ಊದುತ್ತದೆ ಅನ್ನುವುದಕ್ಕಿಂತ, ನಾವು ಉಸಿರು ಬಿಡುವಾಗ ಎಷ್ಟು ಹಿಂದೆ ಸರಿಯುತ್ತದೆ ಅನ್ನುವುದು ಮುಖ್ಯ.

ನನ್ನದು ತೀವ್ರ ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು 10 ಸೆಕೆಂಡಾದರೂ ನಿಂತರೆ ಒಂದು ಅಪ್ನಿಯಾ ಅಂತ ಲೆಕ್ಕ. ಉಸಿರು ಪೂರ್ತಿ ನಿಲ್ಲದೆ ತೀರಾ ಕಡಿಮೆಯಾದದ್ದನ್ನೂ ಸೇರಿಸಿ ಗಂಟೆಗೆ 30 ದಾಟಿದರೆ ತೀವ್ರ ಅನ್ನುತ್ತಾರೆ. ಮೊದಲು ಸಿಪ್ಯಾಪ್ ಕೊಟ್ಟರು. ಅದರಲ್ಲಿ ಒತ್ತಡ ಒಂದೇ. ಎಳೆದುಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ನನಗೆ ಬೇಕಾದ ಒತ್ತಡ ಹೆಚ್ಚಿದ್ದರಿಂದ ಉಸಿರು ಬಿಡುವುದೇ ಕಷ್ಟವಾಗಿತ್ತು. ಹೊಟ್ಟೆಗೆ ಗಾಳಿ ತುಂಬಿ ಬೆಳಿಗ್ಗೆ ತಿಂಡಿ ಸೇರುತ್ತಿರಲಿಲ್ಲ. ಮತ್ತೆ ಟೈಟ್ರೇಶನ್ (ನಿದ್ದೆಯಲ್ಲಿ ಎಷ್ಟು ಒತ್ತಡ ಬೇಕು ಅಂತ ನೋಡುವ ಪರೀಕ್ಷೆ) ಮಾಡಿ ವೈದ್ಯರು ಬೈಪ್ಯಾಪ್‌ಗೆ ಬದಲಿಸಿದರು.

ಇದರಲ್ಲಿ ಎರಡು ಒತ್ತಡ. ಒಳಗೆ ಎಳೆದುಕೊಳ್ಳುವಾಗಿನದು ಐಪ್ಯಾಪ್, ಬಿಡುವಾಗಿನದು ಇಪ್ಯಾಪ್. ಮಾಸ್ಕ್ ಹಾಕಿ ಉಸಿರು ಎಳೆಯಲು ಶುರು ಮಾಡಿದರೆ ಗಾಳಿ ತುಂಬಿಕೊಂಡು ಬರುತ್ತದೆ. ಬಿಡಲು ಶುರು ಮಾಡಿದ ತಕ್ಷಣ ಮೋಟರಿನ ಸದ್ದು ಸಣ್ಣಗಾಗುತ್ತದೆ, ಕೆನ್ನೆಗೆ ಒತ್ತಿದ್ದ ಮಾಸ್ಕ್ ಚೂರು ಸಡಿಲಾಗುತ್ತದೆ. ಮೊದಲ ರಾತ್ರಿಯೇ ನನಗೆ ವ್ಯತ್ಯಾಸ ಗೊತ್ತಾಯಿತು.

ಗಂಟಲು ಮುಚ್ಚದಂತೆ ತಡೆದು ಹಿಡಿಯುವುದು ಮುಖ್ಯವಾಗಿ ಕೆಳಗಿನ ಸಂಖ್ಯೆ, ಅಂದರೆ ಇಪ್ಯಾಪ್. ಇದನ್ನು ಎಷ್ಟು ಹೇಳಿದರೂ ಕಡಿಮೆಯೇ. ಆರಾಮ ಸಿಗುತ್ತದೆ ಅಂತ ಅದನ್ನು ಇಳಿಸುತ್ತಾ ಹೋದರೆ ಉಸಿರು ಬಿಟ್ಟು ಮುಗಿಯುವ ಹೊತ್ತಿಗೆ ಗಂಟಲು ಮುಚ್ಚಿಕೊಳ್ಳುತ್ತದೆ. ಆಮೇಲೆ ನಾವು ಉಸಿರೆಳೆಯಲು ಒದ್ದಾಡಿದರೂ ಮಷಿನ್‌ಗೆ ಅದು ತಿಳಿಯುವುದೇ ಕಷ್ಟ. ಎರಡು ಸಂಖ್ಯೆಗಳ ನಡುವಿನ ಅಂತರಕ್ಕೆ ಪ್ರೆಷರ್ ಸಪೋರ್ಟ್ ಅನ್ನುತ್ತಾರೆ. ಪ್ರತಿ ಉಸಿರಿಗೂ ಕೈ ಕೊಟ್ಟು ಎತ್ತುವುದು ಅದು. ಹಾಗಂತ ಅಂತರ ಸುಮ್ನೆ ಜಾಸ್ತಿ ಮಾಡುವ ಹಾಗೂ ಇಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಇಳಿದರೆ, ಉಸಿರಾಡು ಅಂತ ಹೇಳಬೇಕಾದ ಮೆದುಳೇ ಸುಮ್ಮನಾಗಿಬಿಡುತ್ತದೆ. ಅದು ಸೆಂಟ್ರಲ್ ಅಪ್ನಿಯಾ. ಸೆಟ್ಟಿಂಗ್ ಬದಲಿಸುವುದು ಹೇಗೆ ಅಂತ ವಿಡಿಯೊಗಳು ಬೇಕಾದಷ್ಟಿವೆ. ದಯವಿಟ್ಟು ಅದನ್ನು ವೈದ್ಯರ ಕೈಗೇ ಬಿಡಿ.

ಕೊಳ್ಳುವವರಿಗೆ ಇನ್ನೊಂದು ಮಾತು. ಎಸ್‌ಟಿ ಮಾದರಿಯಲ್ಲಿ ನಾವು ಉಸಿರು ತಪ್ಪಿಸಿದರೆ ಮಷಿನ್ ತಾನೇ ಉಸಿರು ಕೊಡುತ್ತದೆ. ಅತಿ ಬೊಜ್ಜಿನಿಂದ ಉಸಿರು ಸಾಲದವರಿಗೆ, ಸ್ನಾಯು ದುರ್ಬಲವಾದವರಿಗೆ ಅದು ಬೇಕಾಗಬಹುದು. ನನ್ನ ಹಾಗೆ ಒತ್ತಡ ತಡೆಯಲಾಗದೆ ಬಂದವರಿಗೆ ಸಾಮಾನ್ಯವಾಗಿ ಎಸ್ (ನಮ್ಮ ಉಸಿರನ್ನಷ್ಟೇ ಹಿಂಬಾಲಿಸುವುದು) ಅಥವಾ ಆಟೊ (ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವುದು) ಮಾದರಿ ಸಾಕಾಗುತ್ತದೆ. ಅಂಗಡಿಯವರು ದುಬಾರಿಯದ್ದನ್ನು ತೋರಿಸಿದರೆ ವೈದ್ಯರ ಚೀಟಿಯಲ್ಲಿ ಏನಿದೆ ಅಂತ ನೋಡಿ.

ಇನ್ನು ನಮ್ಮ ಕರಾವಳಿಯ ಕಥೆ. ಜೂನ್ ಬಂತೆಂದರೆ ಗೋಡೆಯೇ ಬೆವರುತ್ತದೆ, ಅಲ್ವಾ? ಆಗ ಹ್ಯುಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಭಾಗ) ಜಾಸ್ತಿ ಇಟ್ಟರೆ ಪೈಪಿನಲ್ಲಿ ನೀರು ಕಟ್ಟಿ ಗೊಳಗೊಳ ಅನ್ನುತ್ತದೆ, ಒಮ್ಮೊಮ್ಮೆ ಮೂಗಿಗೂ ತೊಟ್ಟಿಕ್ಕುತ್ತದೆ. ನಾನು ಮಳೆಗಾಲದಲ್ಲಿ ತೀರಾ ಕಡಿಮೆ ಇಡುತ್ತೇನೆ. ಅದರ ನೀರಿನ ಡಬ್ಬಿಯನ್ನು ದಿನಾ ಬೆಳಿಗ್ಗೆ ಖಾಲಿ ಮಾಡಿ ಮುಚ್ಚಳ ತೆರೆದಿಟ್ಟು ಒಣಗಿಸುತ್ತೇನೆ. ಇಲ್ಲದಿದ್ದರೆ ಅಂಚಿನಲ್ಲಿ ಬೂಷ್ಟು ಹಿಡಿಯುತ್ತದೆ. ಬಾವಿ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಹಾಕಿ. ಘಟ್ಟದ ಮೇಲೆ ಶಿರಸಿಗೆ ಹೋಗುವಾಗ ಡಬ್ಬಿ ಖಾಲಿ ಮಾಡಿಯೇ ಹೊರಡಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ನೀರು ಮೋಟರಿಗೆ ಇಳಿದರೆ ಮಷಿನ್ ಹೋಯಿತೆಂದೇ ಲೆಕ್ಕ.

ಮಳೆಗಾಳಿಗೆ ತಂತಿಯ ಮೇಲೆ ಮರ ಬಿದ್ದರೆ ರಾತ್ರಿಯಿಡೀ ಕರೆಂಟ್ ಇರುವುದಿಲ್ಲ. ಇನ್ವರ್ಟರ್ ಇರಲೇಬೇಕು. ಹ್ಯುಮಿಡಿಫೈಯರ್ ಮತ್ತು ಪೈಪಿನ ಬಿಸಿ ಆರಿಸಿದರೆ ಬ್ಯಾಟರಿ ಎಷ್ಟೋ ಹೊತ್ತು ಜಾಸ್ತಿ ಬರುತ್ತದೆ. ಕರೆಂಟ್ ಹೋದರೆ ಉಸಿರು ಕಟ್ಟುತ್ತದೆ ಅಂತ ಮನೆಯವರು ಹೆದರುವುದುಂಟು. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್‌ನಲ್ಲಿ ಅದಕ್ಕೆಂದೇ ಒಂದು ಕವಾಟವಿದೆ. ಒತ್ತಡ ನಿಂತ ತಕ್ಷಣ ಅದು ತೆರೆದು ಹೊರಗಿನ ಗಾಳಿ ಬರುತ್ತದೆ.

ಅನುಕೂಲ ಏನಾಯಿತು? ಬೆಳಗಿನ ತಲೆನೋವು ಹೋಯಿತು. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ನಿಂತಿತು. ಹೆದ್ದಾರಿ 66ರಲ್ಲಿ ಕಾರವಾರದವರೆಗೆ ಕಾರು ಓಡಿಸಿದರೂ ಕಣ್ಣು ಎಳೆಯುವುದಿಲ್ಲ. ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅನ್ನುತ್ತೇನೆ. ಬೇಸರವೂ ಇದೆ. ಮೂಗಿನ ಮೇಲೆ ಮಾಸ್ಕ್ ಒತ್ತಿದ ಗುರುತು ಮಾಸುವುದಿಲ್ಲ, ಕುಶನ್ ಸವೆದು ಗಾಳಿ ಸೋರತೊಡಗಿದರೆ ಹೊಸದು ಕೊರಿಯರ್‌ನಲ್ಲೇ ಬರಬೇಕು. ಸೆಟ್ಟಿಂಗ್ ತೋರಿಸಲು ನಾನು ಮಣಿಪಾಲಕ್ಕೇ ಹೋಗಬೇಕು. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಕೂಗುವುದು ಇಂಥದ್ದಕ್ಕೇ.

ಸೆಕೆಂಡ್ ಹ್ಯಾಂಡ್ ಮಷಿನ್ ಕೊಳ್ಳುವವರು ಮಾಡೆಲ್ ಮತ್ತು ಸೀರಿಯಲ್ ನಂಬರ್ ನೋಡದೆ ದುಡ್ಡು ಕೊಡಬೇಡಿ. ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ತನ್ನ ಹಲವು ಸಿಪ್ಯಾಪ್, ಬೈಪ್ಯಾಪ್ ಮಾಡೆಲ್‌ಗಳಿಗೆ ರೀಕಾಲ್ (ಮಾರಿದ್ದನ್ನು ವಾಪಸ್ ಕರೆಯುವುದು) ಘೋಷಿಸಿತು. ಸದ್ದು ತಡೆಯಲು ಒಳಗಿಟ್ಟ ಫೋಮ್ ಸವೆದು, ಅದರ ಪುಡಿ ಉಸಿರಿನ ಗಾಳಿಗೆ ಸೇರಬಹುದು ಅನ್ನುವುದು ಕಾರಣ. ಬಿಸಿ ಮತ್ತು ತೇವ ಜಾಸ್ತಿ ಇರುವ ಕಡೆ ಫೋಮ್ ಬೇಗ ಹಾಳಾಗಬಹುದು ಅಂತ ಕಂಪನಿಯೇ ಹೇಳಿತ್ತು. ನಮ್ಮ ಹವೆಯಲ್ಲಿ ಹಳೆಯ ಮಷಿನ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಇದನ್ನು ನೋಡಿಯೇ ಮುಂದುವರಿಯಿರಿ.