ಸರೋವರದ ದಂಡೆಯಲ್ಲಿ ಕ್ಯಾರವಾನ್: ಜನರೇಟರೋ, ಸೋಲಾರ್ ಫಲಕವೋ?

ವನ್ಯಜೀವಿ ಸಂರಕ್ಷಣಾ ಪ್ರದೇಶದ ಸರೋವರದ ಪಕ್ಕ ಕ್ಯಾರವಾನ್ ನಿಲ್ಲಿಸುವವರಿಗೆ ಸಾಮಾನ್ಯವಾಗಿ ಸಿಗುವುದು ಸಮತಟ್ಟಾದ ಒಂದು ಜಾಗ, ಬೆಂಕಿ ಹಾಕಲು ಒಂದು ಗುಂಡಿ, ತುಸು ದೂರದಲ್ಲಿ ಶೌಚಾಲಯ. ವಿದ್ಯುತ್ ಸಂಪರ್ಕ, ನಲ್ಲಿ, ಒಳಚರಂಡಿ ಯಾವುದೂ ಇರುವುದಿಲ್ಲ. ನೀರನ್ನು ಟ್ಯಾಂಕಿನಲ್ಲಿ ತುಂಬಿಕೊಂಡು ಹೋಗಿ, ಬಳಸಿದ ನೀರನ್ನು ಇನ್ನೊಂದು ಟ್ಯಾಂಕಿನಲ್ಲಿ ಹಿಡಿದಿಟ್ಟು ಹಿಂದಕ್ಕೆ ತರಬಹುದು. ನಿಜವಾಗಿ ಯೋಚಿಸಬೇಕಾದದ್ದು ವಿದ್ಯುತ್ತಿನ ಬಗ್ಗೆ. ಪೆಟ್ರೋಲ್ ಜನರೇಟರ್, ಛಾವಣಿಗೆ ಕೂರಿಸಿದ ಸೋಲಾರ್ ಫಲಕ, ನೆಲದ ಮೇಲೆ ಬಿಡಿಸಿಡುವ ಮಡಚು ಫಲಕ, ಈ ಮೂರನ್ನೂ ಬಳಸಿ ನೋಡಿದ್ದೇನೆ.

ಶಕ್ತಿಯ ಲೆಕ್ಕದಲ್ಲಿ ಜನರೇಟರಿಗೆ ಎದುರಿಲ್ಲ. ಮೋಡ ಕವಿದರೂ ಮಳೆಯ ದಿನಗಳಲ್ಲೂ ಬ್ಯಾಟರಿ ತುಂಬುತ್ತದೆ. ಎಸಿ ಓಡಿಸಲೇಬೇಕು ಎನ್ನುವವರಿಗೆ ಬೇರೆ ದಾರಿ ಕಡಿಮೆ. ಆದರೂ ಇಂಥ ಜಾಗಕ್ಕೆ ಅದನ್ನು ಒಯ್ಯುವುದನ್ನು ನಾನು ಬಿಟ್ಟಿದ್ದೇನೆ. ಕಾರಣ ಸದ್ದು. ಸದ್ದು ಕಡಿಮೆ ಎನ್ನುವ ಇನ್ವರ್ಟರ್ ಮಾದರಿಯ ಸಣ್ಣ ಜನರೇಟರ್ ಕೂಡ ಏಳು ಮೀಟರ್ ದೂರಕ್ಕೆ ಸುಮಾರು 50ರಿಂದ 60 ಡೆಸಿಬಲ್ ಸದ್ದು ಮಾಡುತ್ತದೆ. ಪೇಟೆಯಲ್ಲಾದರೆ ಅದು ಯಾರ ಗಮನಕ್ಕೂ ಬಾರದು. ಸರೋವರದ ಮೇಲೆ ಹಾಗಲ್ಲ. ಗಾಳಿಗಿಂತ ನೀರು ತಂಪಾಗಿರುವ ಹೊತ್ತಿನಲ್ಲಿ ನೀರಿಗೆ ತಾಗಿದ ಗಾಳಿಯ ಪದರ ತಣ್ಣಗಿರುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಕೆಳಗಿಳಿದು ಆಚೆ ದಡದವರೆಗೂ ಹರಿಯುತ್ತದೆ. ಬ್ಯಾಟರಿ ಬರಿದಾಗಿ ಜನರೇಟರ್ ನೆನಪಾಗುವುದು ಹೆಚ್ಚಾಗಿ ಬೆಳಗಿನ ಜಾವ ಇಲ್ಲವೇ ಮುಸ್ಸಂಜೆಯಲ್ಲಿ. ಹಕ್ಕಿಗಳೂ ಕಪ್ಪೆಗಳೂ ಕೂಗಿ ಸಂಗಾತಿಯನ್ನು ಕರೆಯುವುದೂ ಆಗಲೇ. ಅವುಗಳಿಗಾಗಿ ಮೀಸಲಿಟ್ಟ ನೆಲದಲ್ಲಿ ಅವುಗಳ ದನಿಯನ್ನೇ ಮುಚ್ಚಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಜನರೇಟರನ್ನು ಕಿಟಕಿಯಿಂದ ದೂರ ಇಡಬೇಕು. ಪೆಟ್ರೋಲ್ ಚೆಲ್ಲಿ ಹೋಗಬಹುದಾದ್ದರಿಂದ ನೀರಿನಿಂದಲೂ ದೂರ ಇಡಬೇಕು. ಇಷ್ಟು ಜಾಗ ಎಲ್ಲ ಕಡೆ ಸಿಗುವುದಿಲ್ಲ.

ಛಾವಣಿಯ ಫಲಕದ ಸುಖವೆಂದರೆ ಅದನ್ನು ಮರೆತುಬಿಡಬಹುದು. ವಾಹನ ಓಡುವಾಗಲೂ ನಿಂತಾಗಲೂ ಅದು ತನ್ನ ಪಾಡಿಗೆ ತುಂಬಿಸುತ್ತಿರುತ್ತದೆ. ಆದರೆ ಬೇಸಿಗೆಯಲ್ಲಿ ನಮಗೆ ಬೇಕಾದ ನೆರಳೇ ಅದಕ್ಕೆ ಶತ್ರು. ಫಲಕದೊಳಗೆ ವಿದ್ಯುತ್ ಹುಟ್ಟಿಸುವ ಕೋಶಗಳು (ಸೆಲ್‌ಗಳು) ಒಂದರ ಹಿಂದೊಂದರಂತೆ ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಒಂದು ಕೊಂಬೆಯ ನೆರಳು ಫಲಕದ ಮೂಲೆಗೆ ಬಿದ್ದರೂ ಉತ್ಪಾದನೆ ನೆರಳಿನ ಪಾಲಿಗಿಂತ ಬಹಳ ಹೆಚ್ಚಾಗಿ ಕುಸಿಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದರೆ ಫಲಕ ಚೆನ್ನಾಗಿ ದುಡಿಯುತ್ತದೆ, ಒಳಗಿರುವವರು ಬೇಯುತ್ತಾರೆ.

ನನ್ನ ಮೆಚ್ಚುಗೆ ಮಡಚು ಫಲಕಕ್ಕೆ. ವಾಹನವನ್ನು ಮರದಡಿ ನಿಲ್ಲಿಸಿ, ಫಲಕವನ್ನು ಮಾತ್ರ ಬಯಲಿಗೆ ಒಯ್ದು ಸೂರ್ಯನ ಕಡೆ ಓರೆಯಾಗಿ ಇಡುತ್ತೇನೆ. ಬೆಳಿಗ್ಗೆ ಪೂರ್ವಕ್ಕೆ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ. ಹೀಗೆ ತಿರುಗಿಸುವುದಕ್ಕೆ ಅಲ್ಲೇ ಇರಬೇಕು, ಜೋರು ಗಾಳಿ ಬಂದರೆ ಕಟ್ಟಬೇಕು, ದೂರ ಹೆಚ್ಚಿದಷ್ಟೂ ವೋಲ್ಟೇಜ್ ಕುಸಿಯದಂತೆ ದಪ್ಪ ಕೇಬಲ್ ಹಾಕಬೇಕು. ಈ ಕೆಲಸ ನನಗೆ ಹೊರೆ ಎನಿಸಿಲ್ಲ. 200 ವ್ಯಾಟಿನ ಫಲಕ ಒಳ್ಳೆಯ ಬಿಸಿಲಿನ ದಿನ ಎಲ್‌ಇಡಿ ದೀಪ, ನೀರಿನ ಪಂಪು, ಮೊಬೈಲ್ ಮತ್ತು 12 ವೋಲ್ಟಿನ ಸಣ್ಣ ಫ್ರಿಜ್‌ಗೆ ಸಾಕಾಗುತ್ತದೆ. ಅಡುಗೆಗೆ ಗ್ಯಾಸ್ ಇದ್ದೇ ಇದೆ.

ಫಲಕ ಯಾವುದೇ ಇರಲಿ, ಬ್ಯಾಟರಿ ಸರಿಯಿಲ್ಲದಿದ್ದರೆ ದುಡಿದದ್ದೆಲ್ಲ ನೀರಿನಲ್ಲಿ ಹೋಮ. 100 ಆಂಪಿಯರ್-ಗಂಟೆ ಸಾಮರ್ಥ್ಯದ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಾ ಹೋದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ಕ್ಕೂ ಹೆಚ್ಚನ್ನು ಧೈರ್ಯವಾಗಿ ಬಳಸಬಹುದು, ತೂಕವೂ ಅರ್ಧದಷ್ಟಿರುತ್ತದೆ. ಬೆಲೆ ಜಾಸ್ತಿ. ಹಾಗಿದ್ದರೂ ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಎರಡನೆಯ ಫಲಕಕ್ಕಿಂತ ಮೊದಲು ಈ ಬ್ಯಾಟರಿಯನ್ನೇ ಕೊಳ್ಳಿ ಎನ್ನುತ್ತೇನೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಕೋಶಗಳು ಹಾಳಾಗುತ್ತವೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳನ್ನು ನೋಡಲು ಹೋಗುವವರು ಒಳಗೇ ಬೆಚ್ಚಗಾಗಿಸುವ ವ್ಯವಸ್ಥೆ ಇರುವ ಬ್ಯಾಟರಿಯನ್ನು ಆರಿಸಿ, ಅದನ್ನು ಹೊರಪೆಟ್ಟಿಗೆಯಲ್ಲಿ ಇಡದೆ ವಾಹನದ ಒಳಗೆ ಕೂರಿಸಿಕೊಳ್ಳಬೇಕು.